ಎಷ್ಟು ತಿಂದ್ರೂ ಮೈಗೆ ಹತ್ತಲ್ಲ ಅನ್ನೋರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ, ಜಿಮ್ ಸೇರಿದೀವಿ, ವೇಟ್ ಎತ್ತುತಿದೀವಿ, ತೂಕ ಮಾತ್ರ ಏರ್ತಿಲ್ಲ ಅಂತ. ತೂಕ ಇಳಿಸೋಕೆ ಸಲಹೆ ಕೊಡೋರು ಬೀದಿಗೊಬ್ರು ಸಿಕ್ತಾರೆ, ಏರಿಸ್ಬೇಕು ಅಂತ ಒದ್ದಾಡೋರ ಕಷ್ಟ ಯಾರೂ ಸೀರಿಯಸ್ಸಾಗಿ ತಗೊಳಲ್ಲ, ಚೆನ್ನಾಗಿ ತಿನ್ನಪ್ಪ ಅಂದ್ಬಿಟ್ಟು ಹೋಗ್ತಾರೆ. ಅದಕ್ಕೇ ಈ ಕಂತು ಪೂರ್ತಿ ಅವರಿಗೆ.

ಪ್ರಶ್ನೆ: ಅಣ್ಣ, ನನಗೆ 22 ವರ್ಷ, ಎತ್ತರ 5 ಅಡಿ 8 ಇಂಚು, ತೂಕ 52 ಕೆಜಿ. ದಿನಾ ಮಂಡ್ಯಕ್ಕೆ ಕಾಲೇಜಿಗೆ ಓಡಾಡ್ತೀನಿ, ಸಾಯಂಕಾಲ ಜಿಮ್. ಮೂರು ತಿಂಗಳಾಯ್ತು, ಅರ್ಧ ಕೆಜಿನೂ ಏರಿಲ್ಲ. ಬೆಳಿಗ್ಗೆ ನಾಲ್ಕು ಇಡ್ಲಿ ಚಟ್ನಿ, ಮಧ್ಯಾಹ್ನ ಡಬ್ಬೀಲಿ ಚಿತ್ರಾನ್ನನೋ ಅನ್ನ ಸಾರೋ, ಸಾಯಂಕಾಲ ಟೀ ಬಿಸ್ಕತ್ತು, ರಾತ್ರಿ ಒಂದು ಮುದ್ದೆ, ಅನ್ನ, ಸಾರು, ಮಜ್ಜಿಗೆ. ಭಾನುವಾರ ಬಾಡೂಟ ಅಂದ್ರೆ ಎರಡು ಮುದ್ದೆ, ಮೂರು ಸಲ ಅನ್ನ ಹಾಕಿಸ್ಕತೀನಿ, ಆದ್ರೂ ಮೈಗೆ ಹತ್ತಲ್ಲ ಕಣಣ್ಣ. ನನ್ನ ಬಾಡಿನೇ ಹಿಂಗಾ?
– ಹೆಸರು ಬೇಡ, ಪಾಂಡವಪುರ ತಾಲ್ಲೂಕು

ಉತ್ತರ: ತಮ್ಮಾ, ಊಟದ ವಿವರ ಬರೆದಿರೋದು ಬಹಳ ಒಳ್ಳೇದಾಯ್ತು, ಉತ್ತರ ಅದರಲ್ಲೇ ಇದೆ. ನೀನು ಬರೆದಿದ್ದನ್ನ ಕೂಡಿಸಿದ್ರೆ ಮಾಮೂಲಿ ದಿನಕ್ಕೆ ಸುಮಾರು 1,700ರಿಂದ 1,900 ಕ್ಯಾಲರಿ ಆಗುತ್ತೆ, ಬರೆಯದೆ ಬಿಟ್ಟ ಚೂರುಪಾರು ಸೇರಿಸಿದ್ರೂ 2,000ದ ಆಸುಪಾಸು. ನಿನ್ನ ವಯಸ್ಸು, ಎತ್ತರ, ಬಸ್ಸಿನ ಓಡಾಟ, ಜಿಮ್ಮು ಎಲ್ಲಾ ಸೇರಿ ಇರೋ ತೂಕ ಇದ್ದಂಗೆ ಇರೋಕೇ ಅಷ್ಟು ಬೇಕು, ಇನ್ನೊಂದು 200 ಜಾಸ್ತಿನೇ ಬೇಕಾಗ್ಬೋದು. ನಮ್ಮ ಕನ್ನಂಬಾಡಿ ಕಟ್ಟೆ ಲೆಕ್ಕ ನಿನಗೆ ಗೊತ್ತೇ ಇದೆ, ಒಳಹರಿವು ಹೊರಹರಿವು ಸಮ ಆದ್ರೆ ಮಟ್ಟ ಒಂದು ಇಂಚೂ ಏರಲ್ಲ, ಮೂರು ತಿಂಗಳಿಂದ ನಿನ್ನ ಮೈಯಲ್ಲಿ ಆಗ್ತಿರೋದೂ ಅದೇ.

ಈಗ ಭಾನುವಾರದ ವಿಷಯ. ಎಷ್ಟು ತಿಂದ್ರೂ ಅಂತ ಹೇಳೋ ಎಲ್ಲರ ಮನಸ್ಸಲ್ಲೂ ಇರೋದು ಬಾಡೂಟದ ದಿನ, ಮದುವೆ ಮನೆ ದಿನ, ಮಾರಿಹಬ್ಬದ ದಿನ. ಅವತ್ತು ನಿಜವಾಗ್ಲೂ ಜಾಸ್ತಿ ತಿಂದಿರ್ತೀಯ, ಆದ್ರೆ ಸೋಮವಾರ ಬೆಳಿಗ್ಗೆ ಹೊಟ್ಟೆ ಭಾರ ಅಂತ ಎರಡೇ ಇಡ್ಲಿ, ಮಧ್ಯಾಹ್ನ ಡಬ್ಬಿ ಅರ್ಧ ಹಂಗೇ ವಾಪಸ್, ಅದು ನೆನಪಲ್ಲಿ ಉಳಿಯಲ್ಲ. ಮೈ ನೋಡೋದು ವಾರದ ಒಟ್ಟು. ಅದಕ್ಕೆ ಮೊದಲು ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಮೊಬೈಲಲ್ಲಿ ಬರೆದಿಡು, ಸೋಮವಾರವೂ ಸೇರಿ, ಏನೂ ಬದಲಾಯಿಸ್ಬೇಡ, ಸುಮ್ನೆ ಬರಿ. ಇದೊಂದು ಮಾಡಿದ್ರೆ ಮುಂದಿಂದು ಸಲೀಸು.

ನನ್ನ ಬಾಡಿನೇ ಹಿಂಗಾ ಅಂತ ಕೇಳಿದ್ದೀಯಲ್ಲ, ಅದರಲ್ಲೂ ಸ್ವಲ್ಪ ನಿಜ ಇದೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 16 ಜನಕ್ಕೆ 8 ವಾರ ದಿನಾ 1,000 ಕ್ಯಾಲರಿ ಹೆಚ್ಚಿಗೆ ತಿನ್ನಿಸಿ ನೋಡಿದ್ರು, 1999ರಲ್ಲಿ ಪ್ರಕಟ ಆಯ್ತು ಅದು. ಎಲ್ಲರಿಗೂ ಅಷ್ಟೇ ಹೆಚ್ಚುವರಿ ಊಟ, ಆದ್ರೆ ಒಬ್ಬನಿಗೆ ಅರ್ಧ ಕೆಜಿನೂ ಕೊಬ್ಬು ಸೇರಲಿಲ್ಲ, ಇನ್ನೊಬ್ಬನಿಗೆ 4 ಕೆಜಿ ದಾಟ್ತು. ವ್ಯತ್ಯಾಸ ಎಲ್ಲಿ ಅಂತ ನೋಡಿದ್ರೆ ಗೊತ್ತಿಲ್ಲದೆ ಮಾಡೋ ಓಡಾಟದಲ್ಲಿ, ಅಂದ್ರೆ ಕಾಲು ಕುಣಿಸೋದು, ಎದ್ದು ಕೂರೋದು, ನಿಂತ್ಕಂಡು ಮಾತಾಡೋದು, ಕೆಲವರ ಮೈ ಜಾಸ್ತಿ ತಿಂದಷ್ಟೂ ಜಾಸ್ತಿ ಅಲ್ಲಾಡುತ್ತೆ. ನೀನು ಆ ಗುಂಪಿನವನೇ ಇರ್ಬೋದು. ಹಂಗಿದ್ರೆ ಪಕ್ಕದವನಿಗೆ ದಿನಕ್ಕೆ 300 ಕ್ಯಾಲರಿ ಹೆಚ್ಚಿಗೆ ಸಾಕಾದ್ರೆ ನಿನಗೆ 600 ಬೇಕಾಗ್ಬೋದು ಅಷ್ಟೇ, ಏರೋದೇ ಇಲ್ಲ ಅಂತ ಅರ್ಥ ಮಾಡ್ಕೊಬೇಡ.

ಇಲ್ಲಿ ಮುದ್ದೆ ಬಗ್ಗೆ ಹೇಳ್ಲೇಬೇಕು. ಮುದ್ದೆ ಮೇಲೆ ನನಗೆ ತುಂಬಾ ಗೌರವ, 100 ಗ್ರಾಂ ರಾಗೀಲಿ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ, ಅಕ್ಕಿಲಿ ಅದರ ಒಂದು ಚೂರಷ್ಟೇ ಇರೋದು. ಆದ್ರೆ ಅದೇ 100 ಗ್ರಾಂ ರಾಗೀಲಿ ನಾರು 11 ಗ್ರಾಂನಷ್ಟಿದೆ, ಜೊತೆಗೆ ಹಿಟ್ಟಿನ ಎರಡರಷ್ಟು ನೀರು ಹಿಡ್ಕಂಡು ಕೂತಿರುತ್ತೆ, ಹೊಟ್ಟೆ ಗಟ್ಟಿಯಾಗಿ ತುಂಬಿ ಬೆಳಗಿನವರೆಗೂ ಹಸಿವಾಗಲ್ಲ. ಗದ್ದೆ ಕೆಲಸ ಮಾಡೋರಿಗೆ ಅದೇ ಬೇಕಾಗಿರೋದು. ಹಸಿವು ಕಮ್ಮಿ ಇರೋ ನಿನಗೆ ಮುದ್ದೆ ಒಂದೇ ಇರ್ಲಿ, ಅದರ ಮೇಲೆ ಒಂದು ದೊಡ್ಡ ಚಮಚ ತುಪ್ಪ ಹಾಕು, ಅಷ್ಟರಲ್ಲೇ 120 ಕ್ಯಾಲರಿ ಬಂತು, ಹೊಟ್ಟೇಲಿ ಜಾಗವೇ ಹಿಡಿಯಲಿಲ್ಲ. ಬಸ್ಸಾರು ಮಾಡಿದ ದಿನ ಸಾರಲ್ಲಿ ಮುದ್ದೆ ನುಂಗಿ ಪಲ್ಯದ ಕಾಳು ತಟ್ಟೆ ಪಕ್ಕಕ್ಕೆ ಇಟ್ಟು ಏಳೋ ಹುಡುಗರು ಬಹಳ ಜನ ಇದಾರೆ, ಪ್ರೋಟೀನ್ ಎಲ್ಲಾ ಆ ಕಾಳಲ್ಲೇ ಇರೋದು, ಅದನ್ನ ಮೊದಲು ತಿನ್ನು.

ಪ್ರೋಟೀನ್ ಲೆಕ್ಕ ಹೇಳ್ತೀನಿ. ಸಾಮಾನ್ಯ ಜನಕ್ಕೆ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದ್ದು ತೂಕದ ಕೆಜಿಗೆ 0.83 ಗ್ರಾಂ. ವೇಟ್ ಎತ್ತೋರ ಮೇಲೆ ಮಾಡಿದ 49 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು 2018ರಲ್ಲಿ ನೋಡಿದಾಗ ಕೆಜಿಗೆ 1.6 ಗ್ರಾಂ ಹತ್ರ ಹತ್ರ ಹೋಗೋವರೆಗೂ ಲಾಭ ಇದೆ, ಆಮೇಲೆ ಹೆಚ್ಚೇನೂ ಕಾಣಲ್ಲ ಅಂತ ಬಂತು. ನಿನ್ನ 52 ಕೆಜಿಗೆ ಅದು 83 ಗ್ರಾಂ. ಈಗ ನೀನು ತಿಂತಿರೋದು 40–45. ಅಂದ್ರೆ ಕ್ಯಾಲರಿಗಿಂತ ದೊಡ್ಡ ಕೊರತೆ ಇಲ್ಲಿದೆ.

ಸರಿ, ಏನು ಮಾಡೋದು. ಇರೋ ಊಟ ಒಂದನ್ನೂ ತೆಗೀಬೇಡ, ಅದರ ಮೇಲೆ ಸೇರಿಸು, ಆದಷ್ಟೂ ಕುಡಿಯೋ ರೂಪದಲ್ಲಿ, ಯಾಕಂದ್ರೆ ಅಗಿಯೋ ಊಟ ಬೇಗ ಸಾಕನ್ಸುತ್ತೆ, ಕುಡಿದಿದ್ದು ಅಷ್ಟು ಬೇಗ ಸಾಕನ್ಸಲ್ಲ. ಮೊಳಕೆ ರಾಗಿ ಹಿಟ್ಟು ಮನೇಲೇ ಮಾಡಿಸು. ರಾಗಿ ಮೊಳಕೆ ಬರಿಸಿ ಒಣಗಿಸಿ ಹುರಿದು ಬೀಸಿದ್ರೆ ಅದರ ಪಿಷ್ಟ ಒಡೆದಿರುತ್ತೆ, ಕಾಯಿಸಿದಾಗ ಗಂಜಿ ಗಟ್ಟಿ ಆಗಲ್ಲ, ಹಂಗಾಗಿ ಒಂದು ಲೋಟದಲ್ಲಿ ಜಾಸ್ತಿ ಹಿಟ್ಟು ಹಿಡಿಸುತ್ತೆ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆ ವಿಜ್ಞಾನಿಗಳು 1980ರ ದಶಕದಲ್ಲೇ ಇದೇ ಗುಣ ಹಿಡ್ಕಂಡು ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಪುಟ್ಟ ಮಕ್ಕಳ ಆಹಾರ ಮಾಡಿದ್ರು, ಸಣ್ಣ ಹೊಟ್ಟೆಗೆ ಜಾಸ್ತಿ ಊಟ ಹೋಗ್ಲಿ ಅಂತ. ನಿನ್ನ ಸಮಸ್ಯೆನೂ ಅದೇ ತಾನೇ? 300 ಎಂಎಲ್ ಹಾಲಿಗೆ 40 ಗ್ರಾಂ ಈ ಹಿಟ್ಟು, ಒಂದು ಉಂಡೆ ಮಂಡ್ಯ ಬೆಲ್ಲ, ಒಂದು ಹಿಡಿ ಹುರಿದ ಕಡ್ಲೆಕಾಯಿ ಬೀಜದ ಪುಡಿ, ಇಷ್ಟು ಸೇರಿದ್ರೆ ಒಂದೇ ಲೋಟದಲ್ಲಿ 500 ಕ್ಯಾಲರಿ, 17–18 ಗ್ರಾಂ ಪ್ರೋಟೀನ್. ಜಿಮ್ಮಿಂದ ಬಂದ ತಕ್ಷಣ ಕುಡಿ, ರಾತ್ರಿ ಊಟಕ್ಕೆ ಎರಡು ಗಂಟೆ ಮುಂಚೆ ಆದ್ರೆ ಊಟಾನೂ ಕೆಡಲ್ಲ. ಆಮೇಲೆ ಮೊಟ್ಟೆ, ಬೆಳಿಗ್ಗೆ ಎರಡು ರಾತ್ರಿ ಒಂದು, 18 ಗ್ರಾಂ ಅಲ್ಲೇ ಬಂತು, ಹಳದಿ ಎಸೀಬೇಡ. ಟೀ ಜೊತೆ ಬಿಸ್ಕತ್ತಿನ ಬದಲು ಎರಡು ಬಾಳೆಹಣ್ಣು, ಒಂದು ಹಿಡಿ ಹುರಿಗಡ್ಲೆ. ಬ್ಯಾಗಲ್ಲಿ ಯಾವಾಗ್ಲೂ ಒಂದು ಡಬ್ಬಿ ಕಡ್ಲೆಕಾಯಿ ಬೀಜ ಇರ್ಲಿ, 30 ಗ್ರಾಂಗೆ 165 ಕ್ಯಾಲರಿ, ಬಸ್ಸಲ್ಲಿ ಕೂತಾಗ ಖಾಲಿ ಮಾಡು. ಹಸಿವಾಗ್ಲಿ ಆಗ್ದೇ ಇರ್ಲಿ, ಟೈಮಿಗೆ ತಿನ್ಬೇಕು, ಜಿಮ್ ಟೈಮ್ ಹೆಂಗೆ ತಪ್ಪಿಸಲ್ವೋ ಹಂಗೆ ಇದನ್ನೂ ತಪ್ಪಿಸ್ಬೇಡ, ಇದು ನಾನು ಬಹಳ ಗಟ್ಟಿಯಾಗಿ ನಂಬೋ ಮಾತು, ಸಣ್ಣಗಿರೋರ ಹಸಿವನ್ನ ನಂಬಿ ಕೂತ್ರೆ ತೂಕ ಏರಲ್ಲ.

ಎಲ್ಲಾ ಒಂದೇ ದಿನ ಶುರು ಮಾಡಿದ್ರೆ ಹೊಟ್ಟೆ ಉಬ್ಬರಿಸುತ್ತೆ, ಮೊದಲ ವಾರ ಈ ರಾಗಿ ಮಾಲ್ಟ್, ಎರಡನೇ ವಾರ ಮೊಟ್ಟೆ, ಹಿಂಗೆ ಹೋಗು.

ತೂಕ ನೋಡೋದು ಬೆಳಿಗ್ಗೆ ಎದ್ದು ಸಂಡಾಸಿಗೆ ಹೋಗಿ ಬಂದ್ಮೇಲೆ, ಏನೂ ತಿನ್ನೋ ಮುಂಚೆ, ವಾರಕ್ಕೆ ಮೂರು ದಿನ, ಮೂರರ ಸರಾಸರಿ ಬರಿ. ಒಂದೊಂದು ದಿನದ ನಂಬರ್ ನೀರು ಉಪ್ಪಿನ ಮೇಲೆ ಒಂದು ಕೆಜಿ ಹೆಚ್ಚುಕಮ್ಮಿ ಆಗುತ್ತೆ, ಅದಕ್ಕೆ ತಲೆ ಕೆಡಿಸ್ಕೊಬೇಡ. ತಿಂಗಳಿಗೆ ಒಂದರಿಂದ ಒಂದೂವರೆ ಕೆಜಿ ಏರಿದ್ರೆ ಚೆನ್ನಾಗೇ ಹೋಗ್ತಿದೆ. ಎರಡು ವಾರದ ಸರಾಸರಿ ಅಲ್ಲೇ ನಿಂತ್ರೆ ಇನ್ನೊಂದು 200 ಕ್ಯಾಲರಿ ಸೇರಿಸು, ತಿಂಗಳಿಗೆ ಎರಡು ಕೆಜಿ ದಾಟಿ ಸೊಂಟ ಮಾತ್ರ ದಪ್ಪ ಆಗ್ತಿದ್ರೆ ಸ್ವಲ್ಪ ಇಳಿಸು. ಮತ್ತೆ ಜಿಮ್ಮಲ್ಲಿ ಏನು ಮಾಡ್ತೀಯ ಅಂತ ನೀನು ಬರೆದಿಲ್ಲ. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್, ರೋ, ಓವರ್‌ಹೆಡ್ ಪ್ರೆಸ್, ಈ ವೇಟ್ ಎತ್ತೋ ವ್ಯಾಯಾಮಗಳನ್ನ ವಾರಕ್ಕೆ ಮೂರು ದಿನ, ಪ್ರತಿ ಸಲ ಎಷ್ಟು ಕೆಜಿ ಎಷ್ಟು ಸಲ ಅಂತ ಬರೆದಿಟ್ಟು ನಿಧಾನಕ್ಕೆ ಏರಿಸ್ತಾ ಹೋಗ್ಬೇಕು. ಎತ್ತೋ ತೂಕ ಏರದೆ ಊಟ ಮಾತ್ರ ಏರಿದ್ರೆ ಬರೋದು ಹೊಟ್ಟೆ. ರಾತ್ರಿ ಎರಡು ಗಂಟೆವರೆಗೂ ಮೊಬೈಲ್ ನೋಡ್ತಾ ಕೂರೋ ಅಭ್ಯಾಸ ಇದ್ರೆ ಅದನ್ನೂ ಬಿಡು, ಏಳೆಂಟು ಗಂಟೆ ನಿದ್ದೆ ಬೇಕೇ ಬೇಕು.

ಪ್ರಶ್ನೆ: ನಾನು ಐಟಿ ಕೆಲಸದಲ್ಲಿರೋ 27 ವರ್ಷದ ಹುಡುಗಿ, 45 ಕೆಜಿ, ಸಸ್ಯಾಹಾರಿ, ಮನೇಲಿ ಮೊಟ್ಟೆನೂ ಇಲ್ಲ. ಟ್ರೈನರ್ ಹೇಳಿದಷ್ಟು ಪ್ರೋಟೀನ್ ಅನ್ನ ಹುಳಿ ತಿಂದು ಬರೋಕೆ ಸಾಧ್ಯನಾ? ಅಮ್ಮ ಬೇರೆ ವೇಟ್ ಎತ್ತಿದ್ರೆ ಗಂಡಸರ ಥರ ಆಗ್ತೀಯ ಅಂತಾರೆ.
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಅಮ್ಮನ ಭಯಕ್ಕೆ ಮೊದಲು ಸಮಾಧಾನ ಹೇಳಿ, ಹೆಂಗಸರಲ್ಲಿ ಟೆಸ್ಟೊಸ್ಟಿರಾನ್ ಅನ್ನೋ ಗಂಡು ಹಾರ್ಮೋನ್ ಗಂಡಸರ ಹತ್ತನೇ ಒಂದು ಭಾಗಕ್ಕಿಂತ್ಲೂ ಕಮ್ಮಿ, ಹಂಗೆಲ್ಲ ಆಗಲ್ಲ. ಮೂಳೆ ಗಟ್ಟಿ ಆಗುತ್ತೆ, ಅದು 50 ದಾಟಿದ್ಮೇಲೆ ಬಹಳ ಉಪಕಾರಕ್ಕೆ ಬರುತ್ತೆ.

ಅನ್ನ ಹುಳೀಲಿ ಸಾಧ್ಯನಾ ಅಂದ್ರೆ, ನಾವು ಮಾಡೋ ತೆಳು ಸಾರಿಂದ ಸಾಧ್ಯ ಇಲ್ಲ. ನಾಲ್ಕು ಜನರ ಸಾರಿಗೆ ಒಂದು ಹಿಡಿ ತೊಗರಿಬೇಳೆ ಹಾಕಿ ತಿಳಿ ಮೇಲಿಂದ ಬಡಿಸ್ಕೊಂಡ್ರೆ ನಿಮ್ಮ ಪಾಲಿಗೆ ಬರೋದು ಎರಡು ಮೂರು ಗ್ರಾಂ ಪ್ರೋಟೀನ್. ಮೇಲೆ ಹೇಳಿದ ಕೆಜಿಗೆ 1.6 ಗ್ರಾಂ ಲೆಕ್ಕದಲ್ಲಿ ನಿಮಗೆ ದಿನಕ್ಕೆ ಬೇಕಾಗಿರೋದು 72 ಗ್ರಾಂ. ಹಿಂಗೆ ಮಾಡಿ, ಸೌಟು ತಳಕ್ಕೆ ಹೋಗ್ಲಿ, ಗಟ್ಟಿ ಬೇಳೆ ಹುಳಿ ಹಾಕ್ಕೊಳ್ಳಿ, ದಿನಾ ಒಂದು ಕಾಳಿನ ಉಸಲಿ ಇರ್ಲಿ. ಹೆಸರುಕಾಳು, ಹುರುಳಿಕಾಳು, ಅಲಸಂದೆ, ಅವರೆ ಸೀಸನ್ನಲ್ಲಿ ಅವರೆ, ಒಣ ಕಾಳು 60 ಗ್ರಾಂ ಅಂದ್ರೆ 13–14 ಗ್ರಾಂ. ಮೊಸರು 300 ಗ್ರಾಂ ಅಂದ್ರೆ ಹತ್ತು, ಹಾಲು ಎರಡು ಲೋಟ ಅಂದ್ರೆ 12–13, ಪನೀರ್ 100 ಗ್ರಾಂ ಅಂದ್ರೆ 18. ಸೋಯಾ ಚಂಕ್ಸ್ ತೂಕದಲ್ಲಿ ಅರ್ಧಕ್ಕರ್ಧ ಪ್ರೋಟೀನೇ, ಒಣಗಿದ್ದು 30 ಗ್ರಾಂ ನೆನೆಸಿ ಹಿಂಡಿ ವಾಂಗಿಬಾತ್‌ಗೋ ಪಲಾವ್‌ಗೋ ಹಾಕಿದ್ರೆ 15 ಗ್ರಾಂ, ಮಸಾಲೇಲಿ ವಾಸನೆನೂ ಗೊತ್ತಾಗಲ್ಲ. ಅನ್ನ, ಚಪಾತಿ, ದೋಸೆಯಿಂದ ಇನ್ನೊಂದು 15 ಹೆಂಗಿದ್ರೂ ಬರುತ್ತೆ. ಹಸಿ ಮೊಳಕೆಕಾಳು, ಸೌತೆಕಾಯಿ ಸಲಾಡ್ ಬಟ್ಟಲು ಬಟ್ಟಲು ತಿನ್ನೋದು ಸದ್ಯಕ್ಕೆ ಕಮ್ಮಿ ಮಾಡಿ, ತೂಕ ಇಳಿಸೋರ ಊಟ ಅದು, ಹೊಟ್ಟೆ ತುಂಬ್ಸುತ್ತೆ ಕ್ಯಾಲರಿ ಕೊಡಲ್ಲ. ಕಾಳನ್ನ ಬೇಯಿಸಿ, ತೆಂಗಿನಕಾಯಿ ತುರಿ ಧಾರಾಳವಾಗಿ ಹಾಕಿ ಒಗ್ಗರಣೆ ಕೊಡಿ.

ಒಂದು ಸಲ ಹಿಮೋಗ್ಲೋಬಿನ್ ಮತ್ತೆ ಬಿ12 ಟೆಸ್ಟ್ ಮಾಡಿಸಿ, ಸಸ್ಯಾಹಾರಿಗಳಲ್ಲಿ ಬಿ12 ಕಮ್ಮಿ ಇರೋದು ಸಾಮಾನ್ಯ, ಅದು ಕಮ್ಮಿ ಇದ್ರೆ ಜಿಮ್ಮಲ್ಲಿ ಎರಡು ಸೆಟ್‌ಗೇ ಸುಸ್ತು. ಮುಟ್ಟು ಮೂರು ತಿಂಗಳಿಂದ ಬಂದಿಲ್ಲ ಅಥವಾ ತೀರಾ ಏರುಪೇರು ಅನ್ನೋ ಹಂಗಿದ್ರೆ ಸ್ತ್ರೀರೋಗ ತಜ್ಞರನ್ನ ನೋಡಿ, ತೂಕ ಕಮ್ಮಿ ಇರೋರಲ್ಲಿ ಮೈ ಮೊದಲು ನಿಲ್ಲಿಸೋ ಕೆಲಸಗಳಲ್ಲಿ ಅದೂ ಒಂದು.

ಪ್ರಶ್ನೆ: ನಮ್ಮ ತಾತ ಗರಡಿಮನೆ ಪೈಲ್ವಾನ್. ಅಪ್ಪ ಹೇಳೋದು ಬಾದಾಮಿ ಹಾಲು, ತುಪ್ಪ, ಮಟನ್ ಸಾಕು ಅಂತ. ಜಿಮ್ ಕೋಚ್ ಹೇಳೋದು ಮಾಸ್ ಗೇನರ್ (ತೂಕ ಏರಿಸೋ ಪುಡಿ) ಡಬ್ಬ ತಗೊ, ಆಮೇಲೆ ಬೇಕಾದ್ರೆ ಒಂದು ಇಂಜೆಕ್ಷನ್ ಕೋರ್ಸ್ ಮಾಡೋಣ ಅಂತ. ಯಾರ ಮಾತು ಕೇಳ್ಲಿ?
– ಓದುಗರು, ನಜರಬಾದ್, ಮೈಸೂರು

ಉತ್ತರ: ಇಂಜೆಕ್ಷನ್ ವಿಷಯ ಮೊದಲು. ಬೇಡ. ಅದು ಸ್ಟಿರಾಯ್ಡ್, ಹೊರಗಿಂದ ಬಂದ ಹಾರ್ಮೋನ್ ನೋಡಿ ನಿನ್ನ ಮೈ ತಾನು ಮಾಡೋದನ್ನ ನಿಲ್ಲಿಸುತ್ತೆ, ವೃಷಣ ಸಣ್ಣಗಾಗುತ್ತೆ, ವೀರ್ಯಾಣು ಇಳಿಯುತ್ತೆ, ಒಳ್ಳೆ ಕೊಲೆಸ್ಟ್ರಾಲ್ ಕುಸಿದು ಅದರ ಏಟು ಹೃದಯದ ಮೇಲೆ ಬೀಳುತ್ತೆ. ಆ ಮಾತು ಎತ್ತಿದ ಕೋಚ್ ಹತ್ರ ಮುಂದೆ ಕಲಿಯೋದು ಬೇಡ, ಬೇರೆ ಜಿಮ್ ನೋಡು, ಇದರಲ್ಲಿ ಎರಡನೇ ಮಾತಿಲ್ಲ.

ಮಾಸ್ ಗೇನರ್ ಡಬ್ಬದ ಹಿಂದೆ ಇರೋ ಪಟ್ಟಿ ಓದಿದ್ರೆ ಬಹಳಷ್ಟರಲ್ಲಿ ಮೊದಲು ಬರೋದು ಮಾಲ್ಟೊಡೆಕ್ಸ್‌ಟ್ರಿನ್, ಅಂದ್ರೆ ಸಂಸ್ಕರಿಸಿದ ಪಿಷ್ಟ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುತ್ತೆ. ಅಷ್ಟು ದುಡ್ಡು ಕೊಟ್ಟು ಅದನ್ನ ಯಾಕೆ ತಗೊಬೇಕು, ಮೇಲೆ ಹೇಳಿದ ರಾಗಿ ಮಾಲ್ಟ್ ಕುಡಿ. ಮಾಂಸ, ಮೊಟ್ಟೆ ತಿಂದೂ ಪ್ರೋಟೀನ್ ಸಾಲದೆ ಬಂದ್ರೆ ಸಾದಾ ವೇ ಪ್ರೋಟೀನ್ ಒಂದು ಸ್ಕೂಪ್ ತಗೊಬೋದು, ಹಾಲಿಂದಲೇ ತೆಗೆದಿದ್ದು ಅದು, ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐನ 14 ಅಂಕಿ ಲೈಸೆನ್ಸ್ ನಂಬರ್ ಇದೆಯಾ ನೋಡಿ ತಗೊ. ಸ್ನಾಯುವಿನ ಬಲಕ್ಕೆ ತಗೊಳ್ಳೋ ಕ್ರಿಯೇಟಿನ್ ಮೊನೊಹೈಡ್ರೇಟ್ ಪುಡಿ ದಿನಕ್ಕೆ 3ರಿಂದ 5 ಗ್ರಾಂ, ಕಿಡ್ನಿ ತೊಂದರೆ ಇಲ್ಲದೋರಿಗೆ ಅದೂ ಸುರಕ್ಷಿತ, ನಿಜವಾಗ್ಲೂ ಕೆಲಸ ಮಾಡುತ್ತೆ. ಶುರುವಿನಲ್ಲಿ ಒಂದು ಕೆಜಿಯಷ್ಟು ಏರೋದು ಸ್ನಾಯುವಿನೊಳಗೆ ಸೇರೋ ನೀರು.

ಅಪ್ಪನ ಮಾತು ಬಹುಪಾಲು ಸರಿ. ದಸರಾಗೆ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣಕ್ಕೆ ಹೋಗಿ ಕುಸ್ತಿ ನೋಡಿದೋರಿಗೆ ಗೊತ್ತು, ಆ ಮೈಯೆಲ್ಲ ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಮಟನ್ ತಿಂದು ಬೆಳೆದ ಮೈ. ಆದ್ರೆ ಆ ತಟ್ಟೆ ಹಿಂದೆ ಬೆಳಗಿನ ಜಾವದ ಸಾಮು ಇತ್ತು, ನೂರಾರು ದಂಡ, ಬಸ್ಕಿ, ಮಟ್ಟಿ ಅಗೆಯೋದು, ಆಮೇಲೆ ಜೋಡಿ ಹಿಡಿಯೋದು. ತಾತ ತಿಂದಷ್ಟು ತುಪ್ಪ ನೀನು ಒಂದು ಗಂಟೆ ಜಿಮ್ ಮಾಡಿ ತಿಂದ್ರೆ ಅದು ಸೇರೋದು ಸೊಂಟಕ್ಕೆ. ತಾತನ ಊಟದ ಕಾಲು ಭಾಗದಿಂದ ಶುರು ಮಾಡು, ಎತ್ತೋ ತೂಕ ಏರಿದಂಗೆ ಊಟ ಏರಿಸು.

ಪ್ರಶ್ನೆ: ದಿನಾ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳೀತೀನಿ, ಸಾಯಂಕಾಲ ಕುಕ್ಕರಹಳ್ಳಿ ಕೆರೆ ಸುತ್ತ ಒಂದು ರೌಂಡ್ ಓಟ, ಆಮೇಲೆ ಜಿಮ್. ತೂಕ ಇಳೀತಾನೇ ಇದೆ. ಬೆಟ್ಟ ಬಿಡ್ಬೇಕಾ?
– ಓದುಗರು, ಸರಸ್ವತಿಪುರಂ

ಉತ್ತರ: ಪೂರ್ತಿ ಬಿಡೋದು ಬೇಡ, ವಾರಕ್ಕೆ ಎರಡು ದಿನ ಇಟ್ಕೊಳ್ಳಿ, ಸ್ಕ್ವಾಟ್ ಇಲ್ಲದ ದಿನ. ಸಾವಿರಕ್ಕೂ ಮೇಲೆ ಮೆಟ್ಟಿಲು ಹತ್ತಿ ಇಳಿದು ಕೆರೆನೂ ಓಡಿದ್ರೆ ದಿನಕ್ಕೆ 400 ಕ್ಯಾಲರಿ ಸುಲಭವಾಗಿ ಹೋಗುತ್ತೆ, ತೂಕ ಏರಿಸೋಕೆ ನಾವು ಹೆಚ್ಚಿಗೆ ತಿನ್ನಿ ಅಂತ ಹೇಳೋದೇ ಅಷ್ಟು. ಬೆಟ್ಟ ಹತ್ತಿದ ದಿನ ಒಂದು ಲೋಟ ಮಾಲ್ಟ್ ಎಕ್ಸ್ಟ್ರಾ, ಇಷ್ಟೇ.

ಪ್ರಶ್ನೆ: ಅಮೆರಿಕದ ಲಿಫ್ಟರ್‌ಗಳು ದಿನಕ್ಕೆ ಒಂದು ಗ್ಯಾಲನ್ ಹಾಲು ಕುಡಿದು ತೂಕ ಏರಿಸ್ತಾರಂತೆ, ನಮ್ಮನೇಲಿ ಹಸು ಇದೆ, ಮಾಡ್ಬೋದಾ?
– ಓದುಗರು, ಮದ್ದೂರು

ಉತ್ತರ: ಒಂದು ಗ್ಯಾಲನ್ ಅಂದ್ರೆ ಸುಮಾರು 3.8 ಲೀಟರ್, 2,400 ಕ್ಯಾಲರಿ, ನಿಮ್ಮ ಇಡೀ ದಿನದ ಊಟದಷ್ಟು. ತೂಕ ಏರುತ್ತೆ, ಅದರಲ್ಲಿ ಬಹಳಷ್ಟು ಕೊಬ್ಬು, ಜೊತೆಗೆ ಭೇದಿ. ದೊಡ್ಡೋರಾದ್ಮೇಲೆ ನಮ್ಮಲ್ಲಿ ಬಹಳ ಜನಕ್ಕೆ ಹಾಲಿನಲ್ಲಿರೋ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಅಷ್ಟಾಗಿ ಅರಗಲ್ಲ. ಮುಕ್ಕಾಲು ಲೀಟರ್, ಮೂರು ಸಲಕ್ಕೆ ಹಂಚಿ ಕುಡೀರಿ, ಗ್ಯಾಸ್ ಆದ್ರೆ ಅಷ್ಟನ್ನೂ ಮೊಸರು ಮಾಡ್ಕಂಡು ತಿನ್ನಿ. ಹಸುವಿನ ಹಾಲು ಕಾಯಿಸದೆ ಹಸಿಯಾಗಿ ಮಾತ್ರ ಕುಡೀಬೇಡಿ.

ಪ್ರಶ್ನೆ: ನನ್ನ ಮಗನಿಗೆ 19. ಜಿಮ್ ಸೇರಿದಾಗಿಂದ ಚೆನ್ನಾಗಿ ತಿಂತಾನೆ, ಆದ್ರೆ ಒಂದೂವರೆ ತಿಂಗಳಲ್ಲಿ 5 ಕೆಜಿ ಇಳಿದಿದಾನೆ. ಚೊಂಬುಗಟ್ಲೆ ನೀರು ಕುಡೀತಾನೆ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳ್ತಾನೆ. ಬೆವರು ಜಾಸ್ತಿ ಹೋಗುತ್ತಲ್ಲ ಅದಕ್ಕೆ ಬಾಯಾರಿಕೆ ಅಂತಾನೆ. ಇನ್ನೇನು ತಿನ್ನಿಸ್ಲಿ?
– ಒಬ್ಬ ತಾಯಿ, ಶ್ರೀರಂಗಪಟ್ಟಣ

ಉತ್ತರ: ಅಮ್ಮ, ಈ ಪತ್ರಕ್ಕೆ ಉತ್ತರವನ್ನ ಕಂತು ಬರೋವರೆಗೂ ಕಾಯದೆ ಆಗ್ಲೇ ಕಳ್ಸಿದೀವಿ, ಇಲ್ಲಿ ಹಾಕ್ತಿರೋದು ಬೇರೆ ಮನೆಗಳಿಗೂ ಗೊತ್ತಾಗ್ಲಿ ಅಂತ. ಚೆನ್ನಾಗಿ ತಿಂದೂ ತೂಕ ಇಳಿಯೋದು, ಬಾಯಾರಿಕೆ, ಪದೇ ಪದೇ ಮೂತ್ರ, ಈ ಮೂರೂ ಸೇರಿದ್ರೆ ಊಟದ ಪ್ರಶ್ನೆ ಆಮೇಲೆ, ಮೊದಲು ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡಿಸ್ಬೇಕು. ಈ ವಯಸ್ಸಲ್ಲಿ ಬರೋ ಟೈಪ್ 1 ಡಯಾಬಿಟಿಸ್ ಹಿಂಗೇ ಶುರುವಾಗುತ್ತೆ, ಮನೇಲಿ ಯಾರಿಗೂ ಇಲ್ದೇ ಇದ್ರೂ ಬರುತ್ತೆ. ಬೆಲ್ಲ, ಬಾಳೆಹಣ್ಣು, ಮಾಲ್ಟ್ ಅಂತ ಈಗ ಏನೂ ಹೆಚ್ಚಿಗೆ ಕೊಡ್ಬೇಡಿ, ಜಿಮ್ಮೂ ನಿಲ್ಲಿಸ್ಲಿ. ಖಾಲಿ ಹೊಟ್ಟೇಲೇ ಹೋಗ್ಬೇಕು ಅಂತ ನಾಳೆಗೆ ಮುಂದಕ್ಕೆ ಹಾಕ್ಬೇಡಿ, ಹತ್ತಿರದ ಸರ್ಕಾರಿ ಆಸ್ಪತ್ರೇಲಿ ಬೆರಳಿಗೆ ಚುಚ್ಚಿ ಒಂದು ನಿಮಿಷದಲ್ಲಿ ನೋಡ್ತಾರೆ, ಊಟ ಆಗಿದ್ರೂ ಪರವಾಗಿಲ್ಲ. ಸಕ್ಕರೆ ಸರಿ ಇದ್ರೆ ಥೈರಾಯ್ಡ್ ಟೆಸ್ಟ್ ಕೇಳಿ, ಎರಡು ವಾರ ದಾಟಿದ ಕೆಮ್ಮೋ ಸಂಜೆ ಜ್ವರಾನೋ ಇದ್ರೆ ಕ್ಷಯ (ಟಿಬಿ) ಇರ್ಬೋದಾ ಅಂತ ಕಫ ಪರೀಕ್ಷೆನೂ ಮಾಡಿಸಿ. ವಾಂತಿ, ಹೊಟ್ಟೆ ನೋವು, ಜೋರು ಉಸಿರು, ಮಂಪರು ಇವುಗಳಲ್ಲಿ ಯಾವುದಾದ್ರೂ ಕಂಡ್ರೆ ರಾತ್ರಿ ಎಷ್ಟೊತ್ತಾಗಿದ್ರೂ ಸರಿ, ನೇರ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.